ಗಣಕದ ಚೋಪಡಾ: ಮುಕ್ತ ತಂತ್ರಾಂಶದ ಬರವಣಿಗೆಯ ನಿಯಮಗಳು

ದೀಪಾವಳಿಯ ಸಂಜೆ ಅಹಮದಾಬಾದಿನ ನರೋಡಾ ಪೇಟೆಯಲ್ಲಿ ಸುತ್ತಾಡುವ ಕನ್ನಡಿಗನ ಕಣ್ಣಿಗೆ ಒಂದು ದೃಶ್ಯವು ತಪ್ಪದೆ ಬೀಳುತ್ತದೆ. ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಹೊಸ ಲೆಕ್ಕದ ಪುಸ್ತಕಗಳನ್ನು ಮಣೆಯ ಮೇಲಿರಿಸಿ, ಕುಂಕುಮದಿಂದ ಸ್ವಸ್ತಿಕವನ್ನು ಬರೆದು ಪೂಜಿಸುತ್ತಾರೆ. ಇದಕ್ಕೆ ಚೋಪಡಾ ಪೂಜನವೆಂದು ಹೆಸರು. ಈಚಿನ ವರ್ಷಗಳಲ್ಲಿ ಚೋಪಡಾದ ಪಕ್ಕದಲ್ಲಿ ಲ್ಯಾಪ್‌ಟಾಪನ್ನೂ ಇರಿಸಿ ಅದಕ್ಕೂ ಅಕ್ಷತೆ ಹಾಕುವುದುಂಟು. ನೋಡಿ ನಗುವವರು ನಗಲಿ. ಪೂಜೆಗೆ ಎರಡೂ ಸಮಾನ ಅರ್ಹತೆಯುಳ್ಳವು.

ಹಳೆಯ ಚೋಪಡಾದಲ್ಲಿ ಅಚ್ಚು ಹಾಕಿದ ಅಂಕಣಗಳಿರುತ್ತಿರಲಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಿಚಿ ಬಿಡಿಸಿದಾಗ ಉಳಿಯುವ ಮಡಿಕೆಯ ಗೆರೆಗಳೇ ಅಂಕಣಗಳು. ಎಡಕ್ಕೆ ಜಮಾ, ಬಲಕ್ಕೆ ಉಧಾರ್. ಮುಖ್ಯ ಮೊತ್ತವು ಮೊದಲ ಮಡಿಕೆಯಲ್ಲಿ, ಅದರ ವಿವರಗಳು ಒಳಮಡಿಕೆಗಳಲ್ಲಿ. ಬರೆದುದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಾಗಿದ್ದರೆ ತಪ್ಪು ಕಾಣುವಂತೆಯೇ ಬಿಟ್ಟು ತಿದ್ದಬೇಕು. ಈ ಕಟ್ಟುಪಾಡುಗಳಿಂದಾಗಿ ಒಬ್ಬ ಮೆಹತಾಜಿಯು ನಿವೃತ್ತನಾದರೆ, ಅವನ ಮುಖವನ್ನೇ ಕಾಣದ ಇನ್ನೊಬ್ಬನು ಬಂದು ಮರುದಿನದ ಪುಟವನ್ನು ಬರೆಯಲು ಸಾಧ್ಯವಾಗುತ್ತಿತ್ತು.

ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಮಂದಿ ಸೇರಿ ಒಂದೇ ಪುಸ್ತಕವನ್ನು ಬರೆಯುವ ಪರಿಪಾಠವು ಇಂದು ಜಗತ್ತಿನಲ್ಲಿ ಬೇರೊಂದು ಕಡೆಯೂ ನಡೆದಿದೆ. ಅದು ಮುಕ್ತ ತಂತ್ರಾಂಶದ ಕ್ಷೇತ್ರ. ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಕೋಡ್ ಎಂಬುದನ್ನು, ಗುಟ್ಟಾಗಿಡದೆ ಸಾರ್ವಜನಿಕರ ಮುಂದೆ ತೆರೆದಿಟ್ಟು, ಓದಲು, ಬಳಸಲು, ತಿದ್ದಲು ಎಲ್ಲರಿಗೂ ಅಧಿಕಾರವನ್ನು ಕೊಡುವುದೇ ಇದರ ತಿರುಳು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯೊಂದರ ಸುದ್ದಿಯನ್ನು ಪ್ರಕಟಿಸಿದನು. ಅದೇ ಲಿನಕ್ಸ್. ಇಂದು ಆಂಡ್ರಾಯ್ಡ್ ದೂರವಾಣಿಗಳೆಲ್ಲದರ ತಳಹದಿ ಅದೇ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಇಲ್ಲದ ಗಣಕವೇ ಇಲ್ಲ. ಬರೆದವರು ಸಹಸ್ರಾರು ಮಂದಿ, ಹಲವು ದೇಶದವರು, ಹಲವು ಭಾಷೆಯವರು. ಇಷ್ಟು ಕೈಗಳು ಆಡಿದ ಪುಸ್ತಕವು ಕಲಸುಮೇಲೋಗರವಾಗಲಿಲ್ಲವೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರ, ಬರವಣಿಗೆಯ ನಿಯಮಗಳು.

ಲಿನಕ್ಸಿನ ನಿಯಮಾವಳಿಯು ಓದಲು ಬೇಸರ ತರುವಂಥದಲ್ಲ. ಅಧೀನ ಆಜ್ಞೆಯನ್ನು ಅದರ ಮೇಲಿನ ಆಜ್ಞೆಗಿಂತ ಎಂಟು ಅಕ್ಷರಗಳಷ್ಟು ಒಳಕ್ಕೆ ಸರಿಸಿ ಬರೆಯಬೇಕು. ಇಪ್ಪತ್ತು ಗಂಟೆ ಎಡೆಬಿಡದೆ ಪರದೆಯನ್ನು ನೋಡಿದವನ ಕಣ್ಣಿಗೂ ಯಾವುದು ಯಾವುದಕ್ಕೆ ಸೇರಿದ್ದೆಂದು ತಿಳಿಯಬೇಕಷ್ಟೆ. ಚೋಪಡಾದ ಒಳಮಡಿಕೆಯೂ ಇದೇ ಕೆಲಸವನ್ನು ಮಾಡುತ್ತಿತ್ತು. ಮೂರು ಮಡಿಕೆಗಳಿಗಿಂತ ಒಳಕ್ಕೆ ಹೋಗಬೇಕಾಗಿ ಬಂದರೆ ಬರೆದವನ ಯೋಚನೆಯೇ ಕೆಟ್ಟಿದೆಯೆಂದು ತಿಳಿದು ಬರೆದುದನ್ನು ಸರಿಪಡಿಸಬೇಕೆಂದು ನಿಯಮವು ಹೇಳುತ್ತದೆ. ಒಂದು ಘಟಕವು ಒಂದೇ ಕೆಲಸವನ್ನು ಮಾಡಬೇಕು. ಪರದೆಯ ಮೇಲೆ ಒಂದೆರಡು ಪುಟಗಳಲ್ಲಿ ಮುಗಿಯಬೇಕು. ಮನುಷ್ಯನ ಮೆದುಳು ಏಕಕಾಲಕ್ಕೆ ಏಳು ಸಂಗತಿಗಳನ್ನಷ್ಟೆ ಹಿಡಿದಿಡಬಲ್ಲದು ಎಂಬ ವಿವೇಚನೆ ಇದರ ಹಿಂದಿದೆ. ಟಿಪ್ಪಣಿಯಲ್ಲಿ ಏನು ಮಾಡಲಾಗಿದೆ ಎಂಬುದನ್ನು ಬರೆಯಬೇಕೇ ಹೊರತು ಹೇಗೆ ಎಂಬುದನ್ನಲ್ಲ. ಹೇಗೆ ಎಂಬುದು ಬರವಣಿಗೆಯಿಂದಲೇ ತಿಳಿಯುವಂತಿರಬೇಕು.

ಎಂಟು ಅಕ್ಷರವೇ ಏಕೆ, ನಾಲ್ಕು ಸಾಲದೆ? ಪೈಥಾನ್ ಭಾಷೆಯವರಿಗೆ ನಾಲ್ಕು ಸಾಕು. ಗ್ನೂ ಸಂಸ್ಥೆಯವರಿಗೆ ಎರಡು. ಈ ವಿಷಯದಲ್ಲಿ ನಡೆದಿರುವ ವಾಗ್ವಾದಗಳನ್ನು ಕಂಡರೆ ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ಸಂಘದ ಊಟದ ಪಂಕ್ತಿಯಲ್ಲಿ ನಡೆಯುವ ಜಗಳವು ನೆನಪಾಗದಿರದು. ಗುಜರಾತಿನ ದಾಳವನ್ನು ಉಂಡವರಿಗೆ ಬೆಲ್ಲದ ಪಕ್ಷದಲ್ಲಿಯೂ ಬಲವಿದೆಯೆಂಬುದು ಗೊತ್ತು. ಆದರೆ ಒಂದೇ ಕೊಪ್ಪರಿಗೆಗೆ ಒಬ್ಬರು ಬೆಲ್ಲ ಹಾಕಿ ಇನ್ನೊಬ್ಬರು ತೆಗೆಯಲು ಹೊರಟರೆ ಉಣ್ಣುವವರ ಪಾಡೇನು? ಯಾವ ನಿಯಮವಾದರೂ ಸರಿಯೆ, ಒಂದು ಕೊಪ್ಪರಿಗೆಗೆ ಒಂದೇ ನಿಯಮವಿರಬೇಕು.

ಇದು ಕೇವಲ ಅಂದಚೆಂದದ ಮಾತೆಂದು ಭಾವಿಸುವವರು 2014ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಸಂಗತಿಯನ್ನು ಗಮನಿಸಬೇಕು. ಆಪಲ್ ಕಂಪನಿಯ ದೂರವಾಣಿ ಮತ್ತು ಗಣಕಗಳಲ್ಲಿ, ಬ್ಯಾಂಕಿನಂತಹ ತಾಣದೊಡನೆ ಗೋಪ್ಯವಾಗಿ ವ್ಯವಹರಿಸುವಾಗ ಎದುರಿಗಿರುವುದು ನಿಜವಾದ ಬ್ಯಾಂಕೇ ಎಂದು ಸಹಿಯನ್ನು ತಾಳೆ ನೋಡುವ ಘಟಕವೊಂದಿತ್ತು. ಅದರ ಕೋಡ್ ಬಹಿರಂಗವಾಗಿಯೇ ಪ್ರಕಟವಾಗಿತ್ತು. ಅದರಲ್ಲಿ ‘ತಪ್ಪು ಕಂಡುಬಂದರೆ ಇಲ್ಲಿಂದ ಹೊರಡು’ ಎಂಬ ಆಜ್ಞೆಯ ಕೆಳಗೆ ‘ಹೊರಡು’ ಎಂಬ ಸಾಲು ಪ್ರಮಾದದಿಂದ ಎರಡು ಬಾರಿ ಬಿದ್ದಿತ್ತು. ಎರಡೂ ಸಾಲುಗಳು ಸಮಾನವಾಗಿ ಒಳಕ್ಕೆ ಸರಿದಿದ್ದುದರಿಂದ ಎರಡೂ ಷರತ್ತಿಗೆ ಒಳಪಟ್ಟವೆಂದು ಕಣ್ಣಿಗೆ ತೋರುತ್ತಿತ್ತು. ಯಂತ್ರಕ್ಕೆ ಹಾಗಲ್ಲ. ಆವರಣ ಚಿಹ್ನೆಗಳಿಲ್ಲದಿದ್ದರೆ ಮೊದಲ ಸಾಲಿಗೆ ಮಾತ್ರ ಷರತ್ತು. ಎರಡನೆಯದು ಷರತ್ತಿಲ್ಲದ ಆಜ್ಞೆ. ಆದಕಾರಣ ಯಂತ್ರವು ತಪ್ಪಿರಲಿ ಇಲ್ಲದಿರಲಿ, ಕೊನೆಯ ತಪಾಸಣೆಯನ್ನು ಮಾಡದೆಯೇ ಹೊರಟುಬಿಡುತ್ತಿತ್ತು. ಆವರೆಗೆ ತಪ್ಪೇನೂ ದಾಖಲಾಗಿಲ್ಲದ ಕಾರಣ ‘ಎಲ್ಲ ಸರಿಯಿದೆ’ ಎಂದು ವರದಿಯನ್ನೂ ಕೊಡುತ್ತಿತ್ತು. ಚೆಕ್ಕಿನ ಸಹಿಯನ್ನು ನೋಡದೆಯೇ ಹಣವನ್ನು ಎಣಿಸಿಕೊಡುವ ಕ್ಯಾಷಿಯರನಂತೆ! ಫೆಬ್ರವರಿ 21ರಂದು ಕಂಪನಿಯು ದೂರವಾಣಿಗಳಿಗೆ ತಿದ್ದುಪಡಿಯನ್ನು ಹೊರಡಿಸಿತು.

ಒಂದೇ ಸಾಲಿನ ಆಜ್ಞೆಗೂ ಆವರಣ ಹಾಕಲೇಬೇಕೆಂಬ ನಿಯಮವನ್ನು ಅನೇಕ ಯೋಜನೆಗಳು ಪಾಲಿಸುತ್ತವೆ. ಲಿನಕ್ಸಿನ ನಿಯಮವಾದರೋ ಅನಗತ್ಯವಾದ ಆವರಣ ಬೇಡವೆನ್ನುತ್ತದೆ! ಕಣ್ಣಿಗೆ ಕಾಣುವ ಮಡಿಕೆಗೂ ಯಂತ್ರವು ಗ್ರಹಿಸುವ ಅರ್ಥಕ್ಕೂ ಹೊಂದಿಕೆಯಿಲ್ಲದಿದ್ದರೆ ಎಚ್ಚರಿಸುವ ಸೌಲಭ್ಯವು 2016ರಲ್ಲಿ ಜಿಸಿಸಿ ಎಂಬ ಅನುವಾದಕ ತಂತ್ರಾಂಶದಲ್ಲಿ ಸೇರಿತು. ಮನುಷ್ಯನ ಜಾಗರೂಕತೆಯನ್ನೊಂದನ್ನೇ ನಂಬಿ ಕೂರಬಾರದೆಂಬ ತಿಳಿವಳಿಕೆ ಹೀಗೆ ಮೂಡುತ್ತಿದೆ.

ಇದು ಹಣದ ಮಾತಾಯಿತು. ಪ್ರಾಣದ ಮಾತೂ ಇದೆ. ಥೆರಾಕ್-25 ಎಂಬುದು ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆಯನ್ನು ಕೊಡುವ ಯಂತ್ರ. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಅದು ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಹಾಯಿಸಿತು. ಅವರಲ್ಲಿ ಕೆಲವರು ಅದರಿಂದಲೇ ಮೃತರಾದರು. ಅನಂತರ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಮುಖ್ಯವಾದುದೆಂದರೆ, ಅದರ ತಂತ್ರಾಂಶವನ್ನು ಒಬ್ಬನೇ ವ್ಯಕ್ತಿ ಹಲವು ವರ್ಷಗಳ ಕಾಲ ಬರೆದಿದ್ದನು. ಹಳೆಯ ಯಂತ್ರದ ಭಾಗಗಳನ್ನು ಹಾಗೆಯೇ ಎತ್ತಿಕೊಂಡಿದ್ದನು. ಸ್ವತಂತ್ರವಾದ ಎರಡನೆಯ ಕಣ್ಣು ಅದನ್ನು ಪರಿಶೀಲಿಸಿರಲಿಲ್ಲ. ಇದು ಮುಕ್ತ ತಂತ್ರಾಂಶವಾಗಿರಲಿಲ್ಲವೆಂಬುದು ನಿಜ. ಆದರೆ ಬರೆದವನೇ ಪಾಸು ಮಾಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ದೊರೆಯದು.

ಬ್ಯಾಂಕಿನಲ್ಲಿ ಗುಮಾಸ್ತನು ಬರೆದ ವೋಚರನ್ನು ಅಧಿಕಾರಿಯು ಪಾಸು ಮಾಡದೆ ಅದು ಲೆಡ್ಜರಿಗೆ ಏರುವುದಿಲ್ಲ. ಮುಕ್ತ ತಂತ್ರಾಂಶದಲ್ಲಿಯೂ ಅದೇ ಕ್ರಮ. ಯಾರು ಬೇಕಾದರೂ ತಿದ್ದುಪಡಿಯನ್ನು ಕಳುಹಿಸಬಹುದು. ನಿರ್ವಾಹಕನು ಅದನ್ನು ಓದಿ, ಪ್ರಶ್ನಿಸಿ, ಒಪ್ಪಿದ ಮೇಲೆಯೇ ಅದು ಮೂಲ ಪ್ರತಿಗೆ ಸೇರುತ್ತದೆ. ಲಿನಕ್ಸಿನಲ್ಲಿ 2004ರಿಂದೀಚೆಗೆ, ತಿದ್ದುಪಡಿಯನ್ನು ಬರೆದವನೂ ಅದನ್ನು ಮುಂದಕ್ಕೆ ದಾಟಿಸಿದವನೂ ತಂತಮ್ಮ ಹೆಸರು ಹಾಕಿ, ಇದನ್ನು ಕೊಡಲು ತನಗೆ ಹಕ್ಕಿದೆಯೆಂದು ಸಹಿ ಮಾಡಬೇಕು. ಹಿಂದಿನ ವರ್ಷ, ಅಂದರೆ 2003ರಲ್ಲಿ, ಲಿನಕ್ಸಿನಲ್ಲಿ ತಮ್ಮ ಸ್ವತ್ತು ಸೇರಿಕೊಂಡಿದೆಯೆಂದು ಎಸ್‌ಸಿಒ ಎಂಬ ಕಂಪನಿಯು ನ್ಯಾಯಾಲಯಕ್ಕೆ ಹೋಗಿತ್ತು. ಸಹಿಯ ಪದ್ಧತಿ ಹುಟ್ಟಿದ್ದು ಆ ವ್ಯಾಜ್ಯದ ಬಿಸಿಯಲ್ಲಿ. 2005ರಲ್ಲಿ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ತಂತ್ರಾಂಶವು ಈ ತಿದ್ದುಪಡಿಗಳ ಲೆಡ್ಜರು. ಯಾವ ಸಾಲನ್ನು ಯಾರು, ಯಾವ ದಿನ, ಯಾವ ಕಾರಣಕ್ಕೆ ಬದಲಿಸಿದರೆಂಬುದು ಅದರಲ್ಲಿ ಉಳಿದಿರುತ್ತದೆ. ತಪ್ಪು ನಮೂದನ್ನು ಅಳಿಸುವುದಿಲ್ಲ. ಅದಕ್ಕೆದುರಾಗಿ ಹಿಮ್ಮುಖ ನಮೂದನ್ನು ಹಾಕುತ್ತಾರೆ. ವಾಣಿಜ್ಯ ಶಾಸ್ತ್ರವನ್ನು ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪಾಸು ಮಾಡುವವರ ನಾಲಿಗೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಮೊದಲ ವೋಚರನ್ನು ಎಲ್ಲರೆದುರು ಎಸೆದ ಅಧಿಕಾರಿಯನ್ನು ಯಾವ ಗುಮಾಸ್ತನೂ ಜನ್ಮದಲ್ಲಿ ಮರೆಯನು. ತಿದ್ದುಪಡಿ ಕಳುಹಿಸಿದವರನ್ನು ಟೋರ್ವಾಲ್ಡ್ಸ್ ಬಹಳ ಕಾಲ ಕಟುವಾಗಿ ನಿಂದಿಸುತ್ತಿದ್ದರು. 2018ರ ಸೆಪ್ಟೆಂಬರಿನಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು. ಅದೇ ಸಮಯದಲ್ಲಿ ಲಿನಕ್ಸ್ ಸಮುದಾಯವು ಸದಾಚಾರದ ಸಂಹಿತೆಯನ್ನು ಅಂಗೀಕರಿಸಿತು. ವೇತನವಿಲ್ಲದೆ ರಾತ್ರಿ ನಿದ್ದೆಗೆಟ್ಟು ಬರೆದವನಿಗೆ ಸೌಜನ್ಯವಾದರೂ ಸಲ್ಲಬೇಡವೆ?

ನಿಯಮಗಳಿದ್ದ ಮಾತ್ರಕ್ಕೆ ಮೋಸವಾಗದೆಂದು ಹೇಳುವಂತಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶಕ್ಕೆ ಅಪರಿಚಿತನೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ಸಭ್ಯವಾಗಿ ಕೊಡುಗೆಗಳನ್ನು ಸಲ್ಲಿಸಿ, ದಣಿದಿದ್ದ ನಿರ್ವಾಹಕನ ವಿಶ್ವಾಸವನ್ನು ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಅದರೊಳಗೆ ಇರಿಸಿದನು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಬಹಿರಂಗಪಡಿಸಿದರು. ಗಣಕದೊಳಕ್ಕೆ ಪ್ರವೇಶವು ಎಂದಿಗಿಂತ ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರ ಸಂದೇಹಕ್ಕೆ ಕಾರಣ. ವೋಚರುಗಳನ್ನೆಲ್ಲ ಅತ್ಯಂತ ಅಚ್ಚುಕಟ್ಟಾಗಿ ಇಟ್ಟವನ ಮೇಲೆಯೂ ಒಂದು ಕಣ್ಣಿಡಬೇಕೆಂಬುದು ತಪಾಸಣಾಧಿಕಾರಿಗಳಿಗೆ ಹೊಸ ಮಾತಲ್ಲ.

ಇಷ್ಟರಿಂದ ಕನ್ನಡಿಗರಿಗೇನು ಪ್ರಯೋಜನ ಎಂದು ವಾಚಕರು ಕೇಳಬಹುದು. ಪ್ರಸ್ತುತ ವಿಷಯದ ಮರ್ಮವಿರುವುದೇ ಇಲ್ಲಿ.

ಯೂನಿಕೋಡ್ ಎಂಬ ವಿಶ್ವ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಬಾಲ್ಯದಲ್ಲಿ ಕಾಗುಣಿತವನ್ನು ಕಲಿತವರು ಎತ್ವಕ್ಕೆ ದೀರ್ಘ ಸೇರಿದರೆ ‘ಕೇ’, ಒತ್ವಕ್ಕೆ ದೀರ್ಘ ಸೇರಿದರೆ ‘ಕೋ’ ಎಂದು ಬಾಯಿಪಾಠ ಮಾಡಿದ್ದುಂಟು. ಗಣಕಕ್ಕೂ ಆ ಪಾಠವು ಗೊತ್ತು. ‘ಕೋ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಈ, ಏ, ಐ, ಒ, ಓ ಎಂಬ ಐದು ಸ್ವರಗಳ ಚಿಹ್ನೆಗಳಿಗೆ ಹೀಗೆ ಎರಡೆರಡು ರೂಪಗಳಿವೆ. ಹಳೆಯ ಫಾಂಟುಗಳಲ್ಲಿ ಅಕ್ಷರಗಳನ್ನು ತುಂಡುತುಂಡಾಗಿ ಜೋಡಿಸುತ್ತಿದ್ದುದರಿಂದ, ಆ ಕಾಲದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ತುಂಡು ರೂಪಗಳು ನುಸುಳುವುದು ಸುಲಭ.

ಈಗ ಆಸ್ಪತ್ರೆಯೊಂದನ್ನು ಕಲ್ಪಿಸಿಕೊಳ್ಳಬೇಕು. ರೋಗಿಗಳ ದಾಖಲೆಗಳನ್ನಿಡಲು ಮುಕ್ತ ತಂತ್ರಾಂಶಗಳಿವೆ. ಕೀನ್ಯ ದೇಶದ ಎಚ್‌ಐವಿ ರೋಗಿಗಳ ಆರೈಕೆಯ ಅಗತ್ಯದಿಂದ 2004ರಲ್ಲಿ ರೂಪುಗೊಂಡ ಓಪನ್‌ಎಂಆರ್‌ಎಸ್ ಅವುಗಳಲ್ಲಿ ಪ್ರಸಿದ್ಧವಾದುದು. ಅದರ ಅಡಿಪಾಯದ ಮೇಲೆ ಭಾರತದಲ್ಲಿ ಬಾಹ್ಮ್ನಿ ಎಂಬುದು ಬೆಳೆಯಿತು. ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ ಅದರ ಮೊದಲ ಬಳಕೆಯಾಯಿತು. ಇಂತಹ ಯಾವುದೇ ತಂತ್ರಾಂಶದಲ್ಲಿ ರೋಗಿಯ ಹೆಸರನ್ನು ಕನ್ನಡದಲ್ಲಿ ಬರೆದರೆಂದು ಭಾವಿಸೋಣ. ಲೋಕೇಶನೆಂಬ ರೋಗಿಗೆ ಪೆನಿಸಿಲಿನ್ ಆಗದೆಂದು ಹೋದ ವರ್ಷ ದಾಖಲಾಗಿದೆ, ಒಂದು ರೂಪದಲ್ಲಿ. ಈ ವರ್ಷ ಬೇರೊಬ್ಬ ಗುಮಾಸ್ತನು ಬೇರೊಂದು ಕೀಲಿಮಣೆಯಿಂದ ಅದೇ ಹೆಸರನ್ನು ಇನ್ನೊಂದು ರೂಪದಲ್ಲಿ ಹುಡುಕುತ್ತಾನೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮವನ್ನು ತಂತ್ರಾಂಶವು ಪಾಲಿಸದಿದ್ದರೆ, ಕಣ್ಣಿಗೆ ಕಾಣುವ ಹೆಸರು ಯಂತ್ರಕ್ಕೆ ಸಿಗುವುದಿಲ್ಲ. ‘ಹೊಸ ರೋಗಿ’ ಎಂದು ಇನ್ನೊಂದು ಚೀಟಿ ಹೊರಡುತ್ತದೆ. ಪೆನಿಸಿಲಿನ್ನಿನ ಎಚ್ಚರಿಕೆಯು ಹಳೆಯ ಚೀಟಿಯಲ್ಲಿಯೇ ಉಳಿಯುತ್ತದೆ.

ಗುಜರಾತಿ ಲಿಪಿಯಲ್ಲಿ ಈ ಸಮಸ್ಯೆಯೇ ಇಲ್ಲ! ಅಲ್ಲಿಯ ಓಕಾರದ ಚಿಹ್ನೆಗೆ ತುಂಡು ರೂಪವನ್ನು ಯೂನಿಕೋಡ್ ವಿಧಿಸಿಲ್ಲ. ಇಂಗ್ಲಿಷಿನಲ್ಲಂತೂ ಪ್ರಶ್ನೆಯೇ ಏಳದು. ಆದಕಾರಣ ಅಹಮದಾಬಾದಿನ ಎಷ್ಟೇ ಮೇಧಾವಿಯಾದ ಗುಜರಾತಿ ತಂತ್ರಜ್ಞನಿಗೂ ತನ್ನ ಮಾತೃಭಾಷೆಯಲ್ಲಿ ಪ್ರಯೋಗ ಮಾಡಿ ನೋಡಿದಾಗ ಈ ದೋಷವು ಗೋಚರಿಸದು. ಅದನ್ನು ಕನ್ನಡ ಬಲ್ಲವರೇ ಕಂಡು ಹೇಳಬೇಕು. ಇಲ್ಲವೆ ಯಾರೂ ಹೇಳುವುದಿಲ್ಲ.

ಅಳತೆಯ ತೊಡಕು ಇನ್ನೊಂದು. ‘ಲಕ್ಷ್ಮೀ’ ಎಂಬುದು ಓದುವವರಿಗೆ ಎರಡೇ ಅಕ್ಷರ. ಗಣಕದ ಎಣಿಕೆಯಲ್ಲಿ ಅದು ಏಳು ಸಂಕೇತಗಳು. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟುಗಳಂತೆ 21 ಬೈಟುಗಳು. ಹೆಸರಿಗೆ 20 ಬೈಟು ಸಾಕೆಂದು ಇಂಗ್ಲಿಷಿನ ಲೆಕ್ಕದಲ್ಲಿ ನಿಶ್ಚಯಿಸಿದವನ ತಂತ್ರಾಂಶದಲ್ಲಿ ಲಕ್ಷ್ಮಿಗೆ ಜಾಗವಿಲ್ಲ. ಭಾರತೀಯ ಲಿಪಿಗಳ ಪರೀಕ್ಷೆಯನ್ನು ಅಸಡ್ಡೆ ಮಾಡಿದರೆ ದೊಡ್ಡ ಕಂಪನಿಯೂ ಎಡವುತ್ತದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದು ಒತ್ತಕ್ಷರವು ಸಂದೇಶದಲ್ಲಿ ಬಂದರೆ ಐಫೋನಿನ ತಂತ್ರಾಂಶವೇ ಕುಸಿದು ಬೀಳುತ್ತಿತ್ತು. ತಿದ್ದುಪಡಿ ಅದೇ ತಿಂಗಳು ಹೊರಟಿತು.

ಕೋಡ್ ಬರೆಯಲು ಬಾರದವರಿಗೂ ಇಲ್ಲಿ ಕೆಲಸವುಂಟು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಸೂಚನೆಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬಲ್ಲಿ ಸ್ವಯಂಸೇವಕರು ಕನ್ನಡಿಸುತ್ತಾರೆ. ಅಲ್ಲಿ $1, $2 ಎಂಬ ಗುರುತುಗಳನ್ನು ಮುಟ್ಟಬಾರದೆಂಬುದು ಮೊದಲ ನಿಯಮ. ಅವು ಖಾಲಿ ಚೆಕ್ಕಿನಲ್ಲಿ ಹೆಸರು ತುಂಬುವ ಜಾಗಗಳಿದ್ದಂತೆ. ಅವುಗಳ ಸ್ಥಾನವನ್ನು ಮಾತ್ರ ಬದಲಿಸಬಹುದು, ಏಕೆಂದರೆ ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. ಕಷ್ಟವಿರುವುದು ವಿಭಕ್ತಿಯಲ್ಲಿ. ‘$1 ಅನ್ನು’ ಎಂದು ಬರೆದರೆ ಯಂತ್ರವು ‘ಮೈಸೂರು ಅನ್ನು’ ಎನ್ನುತ್ತದೆ. ‘ಮೈಸೂರನ್ನು’ ಎಂಬ ಸಂಧಿ ಅದಕ್ಕೆ ತಿಳಿಯದು. ಬಲ್ಲ ಅನುವಾದಕನು ವಾಕ್ಯವನ್ನೇ ತಿರುಗಿಸಿ, ‘ತಿದ್ದಿದ ಪುಟ: $1’ ಎಂಬಂತೆ ಬರೆದು ಪಾರಾಗುತ್ತಾನೆ. ಇತ್ತ ಕೋಡ್ ಬರೆಯುವವರಿಗೂ ಒಂದು ನಿಯಮವಿದೆ: ವಾಕ್ಯವನ್ನು ತುಂಡರಿಸಿ ಇಟ್ಟಿಗೆಗಳಂತೆ ಜೋಡಿಸಬಾರದು, ಇಡೀ ವಾಕ್ಯವನ್ನೇ ಅನುವಾದಕನ ಕೈಗೆ ಕೊಡಬೇಕು. ಕನ್ನಡ, ತಮಿಳುಗಳಂತಹ ಭಾಷೆಗಳ ಕಷ್ಟವನ್ನು ಯಾರೋ ತಾಳ್ಮೆಯಿಂದ ವಿವರಿಸದಿದ್ದರೆ ಇಂತಹ ನಿಯಮಗಳು ನೆಲೆ ನಿಲ್ಲುವುದಿಲ್ಲ.

ವಿಕಿಪೀಡಿಯದಲ್ಲಿ ಕನ್ನಡವನ್ನು ಬೆರಳಚ್ಚಿಸಲು ನೆರವಾಗುವ ಜೆಕ್ವೆರಿ ಐಎಂಇ ಎಂಬುದರಲ್ಲಿ ಶ್ರೀ ಕೆ. ಪಿ. ರಾಯರು ರೂಪಿಸಿದ ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಸೇರಿವೆ. ಅಲ್ಲಿ ಪರೀಕ್ಷೆಯ ಪಟ್ಟಿಯೊಂದಿದೆ: ಈ ಕೀಲಿಗಳನ್ನು ಒತ್ತಿದರೆ ಈ ಅಕ್ಷರವು ಬರಬೇಕು, ಎಂದು ಜೋಡಿ ಜೋಡಿಯಾಗಿ. ರೆಡ್ ಹ್ಯಾಟ್ ಕಂಪನಿಯು ಮುಕ್ತವಾಗಿ ಬಿಡುಗಡೆ ಮಾಡಿದ ಲೋಹಿತ್ ಫಾಂಟುಗಳಲ್ಲಿ ಕನ್ನಡವೂ ಇದೆ, ಗುಜರಾತಿಯೂ ಇದೆ.

ನರೋಡಾದ ಕೈಗಾರಿಕಾ ವಸಾಹತಿನ ಆಸುಪಾಸಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಗುಜರಾತಿಯನ್ನೋ ಇಂಗ್ಲಿಷನ್ನೋ ಓದುತ್ತಾರೆ. ಕನ್ನಡದ ಅಕ್ಷರವು ಬಾರದೆಂದು ಹಿರಿಯರು ಮರುಗುತ್ತಾರೆ. ಆ ಮಕ್ಕಳೇ ಮುಂದೆ ಗಣಕದ ಉದ್ಯೋಗವನ್ನು ಹಿಡಿಯುವುದು ಸಾಮಾನ್ಯವಾಗಿದೆ. ಅಂತಹ ತರುಣನೊಬ್ಬನು ಮೇಲೆ ಹೇಳಿದ ಹೆಸರಿನ ದೋಷವನ್ನು ಯಾವುದೋ ಮುಕ್ತ ತಂತ್ರಾಂಶದಲ್ಲಿ ಕಂಡು, ತಿದ್ದಿ ಕಳುಹಿಸಿದನೆಂದು ಭಾವಿಸಿದರೆ, ತಿದ್ದುಪಡಿಯು ಆರೇಳು ಸಾಲುಗಳನ್ನು ಮೀರದು. ಆದರೆ ಪಾಸು ಮಾಡುವವನು ದೂರದ ದೇಶದಿಂದ ಬರೆದು ಕೇಳುತ್ತಾನೆ: ‘ಈ ಎರಡು ಸಾಲುಗಳು ನನ್ನ ಕಣ್ಣಿಗೆ ಒಂದೇ ರೀತಿ ಕಾಣುತ್ತಿವೆಯಲ್ಲ, ವ್ಯತ್ಯಾಸವೇನು? ಐದೂ ಚಿಹ್ನೆಗಳಿಗೆ ಪರೀಕ್ಷೆ ಎಲ್ಲಿದೆ?’

ಆಗ ಆ ತರುಣನು ಹೋಗಬೇಕಾದುದು ಪುಸ್ತಕದಂಗಡಿಗಲ್ಲ, ಅಡುಗೆಮನೆಗೆ. ಕೊಟ್ಟೂರಿನ ಕಡೆಯಿಂದ ಬಂದ ಅಜ್ಜಿಯಿದ್ದರೆ, ಕಾಗುಣಿತವನ್ನು ಒಮ್ಮೆ ಹೇಳಿಸಿಕೊಂಡು, ಬಂಧುಗಳ ಹೆಸರುಗಳನ್ನು ಆಕೆಯ ಬಾಯಿಂದಲೇ ಬರೆದುಕೊಳ್ಳಬಹುದು. ವೀರೇಶ, ಶೈಲಜಾ, ಕೊಟ್ರೇಶ, ಗೋದಾವರಿ. ನಾಲ್ಕೇ ಹೆಸರುಗಳಲ್ಲಿ ಐದೂ ಚಿಹ್ನೆಗಳು ಬಂದವು. ಒಂದೊಂದನ್ನೂ ಎರಡೆರಡು ರೂಪದಲ್ಲಿ ಬರೆದು, ಪಕ್ಕದಲ್ಲಿ ಟಿಪ್ಪಣಿ ಹಾಕಿ, ಹೆಸರು ದಿನಾಂಕಗಳೊಡನೆ ಸಹಿ ಮಾಡಿ ಮತ್ತೆ ಕಳುಹಿಸಬೇಕು.